ಗಣಕದೊಳಗಿನ ಸಮಾಜ, ಹೊರಗಿನ ನೀತಿ: ಸಾಮಾಜಿಕ ಅನುಕರಣೆಯ ಒಂದು ಸಮೀಕ್ಷೆ

ಸಾರ್ವಜನಿಕ ನೀತಿಯ ಯಾವುದೇ ನಿರ್ಧಾರ ಫಲ ಕೊಡುವುದು ಜನರ ನಡವಳಿಕೆಯ ಮೂಲಕ. ರಸ್ತೆಯನ್ನು ಅಗಲ ಮಾಡಿದರೆ ಅದುವರೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕೆಲವರು ಸ್ವಂತ ವಾಹನವನ್ನು ಹೊರಗೆ ತೆಗೆಯುತ್ತಾರೆ. ಒಂದು ಬೆಳೆಗೆ ಹೆಚ್ಚಿನ ಬೆಂಬಲ ಬೆಲೆ ಸಿಕ್ಕರೆ ಮುಂದಿನ ಹಂಗಾಮಿನಲ್ಲಿ ಇನ್ನೊಂದು ಬೆಳೆಯ ವಿಸ್ತೀರ್ಣ ಕುಗ್ಗಬಹುದು. ಪಂಪ್‌ಸೆಟ್ಟಿಗೆ ವಿದ್ಯುತ್ತು ಅಗ್ಗವಾದರೆ ಕೊಳವೆಬಾವಿಗಳು ಆಳಕ್ಕಿಳಿಯುತ್ತವೆ. ಆದ್ದರಿಂದ ನೀತಿ ರೂಪಿಸುವವರ ಮುಂದೆ ಸದಾ ನಿಲ್ಲುವ ಪ್ರಶ್ನೆ ಇದು: ಹೀಗೆ ಮಾಡಿದರೆ ಜನ ಹೇಗೆ ನಡೆದುಕೊಂಡಾರು, ಅವರೆಲ್ಲ ಹಾಗೆ ನಡೆದುಕೊಂಡಾಗ ಒಟ್ಟು ಪರಿಣಾಮ ಏನಾದೀತು? ಈ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಸಿಗುವುದು ಕಷ್ಟ, ಏಕೆಂದರೆ ಒಂದು ಊರಿಗೆ ಲಾಕ್‌ಡೌನ್ ವಿಧಿಸಿ, ಅದೇ ಊರನ್ನು ಅದೇ ತಿಂಗಳಲ್ಲಿ ತೆರೆದೂ ಇಟ್ಟು, ಎರಡರ ಫಲವನ್ನು ಹೋಲಿಸಿ ನೋಡಲು ಸಾಧ್ಯವಿಲ್ಲ. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಲು ಬೆಳೆದು ಬಂದ ವಿಧಾನವೇ ಸಾಮಾಜಿಕ ಅನುಕರಣೆ, ಅಂದರೆ ಜನರ ನಡವಳಿಕೆಯ ನಿಯಮಗಳನ್ನು ಗಣಕಕ್ಕೆ ಒದಗಿಸಿ, ಆ ನಿಯಮಗಳು ಕಾಲಕ್ರಮದಲ್ಲಿ ಯಾವ ಸ್ಥಿತಿಯನ್ನು ಹುಟ್ಟುಹಾಕುತ್ತವೆ ಎಂಬುದನ್ನು ಗಮನಿಸುವ ಕ್ರಮ. ಸಿಮ್ಯುಲೇಶನ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಈ ಕ್ರಮ ಕಳೆದ ಆರೇಳು ದಶಕಗಳಲ್ಲಿ ನೀತಿಗೆ ಏನನ್ನು ಕೊಟ್ಟಿದೆ, ಎಲ್ಲಿ ಎಡವಿದೆ, ಯಾವ ಷರತ್ತುಗಳ ಮೇಲೆ ಅದನ್ನು ನಂಬಬಹುದು ಎಂಬುದನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೂರು ಬಗೆಗಳು

ಸಮಾಜವನ್ನು ಗಣಕದಲ್ಲಿ ಅನುಕರಿಸುವ ಪ್ರಯತ್ನಗಳು ಹಲವಾದರೂ ಅವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವ್ಯವಸ್ಥಾ ಚಲನಶಾಸ್ತ್ರ. ಇದರಲ್ಲಿ ಬಿಡಿ ವ್ಯಕ್ತಿಗಳು ಕಾಣುವುದಿಲ್ಲ. ಜನಸಂಖ್ಯೆ, ಮನೆಗಳು, ಉದ್ಯೋಗಗಳು ಮುಂತಾದ ಒಟ್ಟು ಮೊತ್ತಗಳು ತೊಟ್ಟಿಯ ನೀರಿನಂತೆ ಏರುತ್ತ ಇಳಿಯುತ್ತ, ಒಂದು ಇನ್ನೊಂದನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಸಾಗುತ್ತವೆ. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಾಮಿಕ್ಸ್’ ಗ್ರಂಥ ಈ ವಿಧಾನವನ್ನು ನಗರಗಳಿಗೆ ಅನ್ವಯಿಸಿತು. 1972ರಲ್ಲಿ ಕ್ಲಬ್ ಆಫ್ ರೋಮ್ ಸಂಸ್ಥೆಗಾಗಿ ಸಿದ್ಧವಾದ ‘ದಿ ಲಿಮಿಟ್ಸ್ ಟು ಗ್ರೋತ್’ ಅದನ್ನು ಇಡೀ ಭೂಮಿಗೆ ವಿಸ್ತರಿಸಿತು. ಬಡವರಿಗೆಂದು ಅಗ್ಗದ ಮನೆಗಳನ್ನು ಕಟ್ಟುವುದರಿಂದ ನಗರದ ಅವನತಿ ಇನ್ನಷ್ಟು ಹೆಚ್ಚುತ್ತದೆಂಬ ಫಾರೆಸ್ಟರರ ತೀರ್ಮಾನ ದೊಡ್ಡ ವಿವಾದವನ್ನೆಬ್ಬಿಸಿತು. ಆ ಮಾದರಿಯಲ್ಲಿ ನಗರವನ್ನು ಸುತ್ತುವರಿದ ಉಪನಗರಗಳಿಗೆ ಸ್ಥಾನವೇ ಇರಲಿಲ್ಲವೆಂದು ಟೀಕಾಕಾರರು ತೋರಿಸಿದರು. ಗಡಿಯನ್ನು ಎಲ್ಲಿ ಎಳೆಯಲಾಗಿದೆ ಎಂಬುದರ ಮೇಲೆಯೇ ಉತ್ತರ ನಿಂತಿರುತ್ತದೆಂಬ ಪಾಠ ಈ ಶಾಸ್ತ್ರಕ್ಕೆ ಹೀಗೆ ಆರಂಭದಲ್ಲಿಯೇ ದೊರೆಯಿತು.

ಎರಡನೆಯದು ಸೂಕ್ಷ್ಮ ಅನುಕರಣೆ. ಅರ್ಥಶಾಸ್ತ್ರಜ್ಞ ಗೈ ಆರ್ಕಟ್ 1957ರಲ್ಲಿ ಮುಂದಿಟ್ಟ ಈ ಕಲ್ಪನೆಯ ಪ್ರಕಾರ ಸಮೀಕ್ಷೆಗಳಿಂದ ದೊರೆತ ಸಾವಿರಾರು ಕುಟುಂಬಗಳ ವಿವರಗಳನ್ನು ಗಣಕದಲ್ಲಿಟ್ಟುಕೊಂಡು, ಹೊಸ ತೆರಿಗೆಯನ್ನೋ ಪಿಂಚಣಿಯನ್ನೋ ಒಂದೊಂದು ಕುಟುಂಬಕ್ಕೂ ಅನ್ವಯಿಸಿ, ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಲಾಗುತ್ತದೆ. ಯುರೋಪಿನ ದೇಶಗಳ ತೆರಿಗೆ ಮತ್ತು ಸಾಮಾಜಿಕ ಭದ್ರತೆಗಳನ್ನು ಒಂದೇ ಚೌಕಟ್ಟಿನಲ್ಲಿ ತೂಗುವ ‘ಯೂರೋಮಾಡ್’ ಈ ಬಗೆಯ ಪ್ರಸಿದ್ಧ ಸಾಧನ. ಆಡಳಿತದಲ್ಲಿ ಹೆಚ್ಚು ಸದ್ದಿಲ್ಲದೆ, ಹೆಚ್ಚು ನಿಯತವಾಗಿ ಬಳಕೆಯಾಗುತ್ತಿರುವುದು ಈ ವಿಧಾನವೇ. ಅದರ ಮಿತಿಯೂ ಅಷ್ಟೇ ಸ್ಪಷ್ಟ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಒದಗಿಸುವ ಶಕ್ತಿ ಯೋಜನೆಯಂಥ ಕ್ರಮವನ್ನು ಈ ವಿಧಾನದಿಂದ ಪರಿಶೀಲಿಸಿದರೆ, ಈಗಾಗಲೇ ಬಸ್ಸು ಹತ್ತುತ್ತಿರುವ ಮಹಿಳೆಗೆ ತಿಂಗಳಿಗೆ ಎಷ್ಟು ಉಳಿತಾಯವಾಗುತ್ತದೆಂಬುದು ಸುಲಭವಾಗಿ ತಿಳಿದೀತು. ಆದರೆ ಅದುವರೆಗೆ ನಡೆದೇ ಹೋಗುತ್ತಿದ್ದ ಮಹಿಳೆ ಇನ್ನು ಮುಂದೆ ದೂರದ ಊರಿನ ಕೆಲಸಕ್ಕೆ ಸೇರುವಳೇ, ಅವಳನ್ನು ನೋಡಿ ನೆರೆಮನೆಯವಳೂ ಹೊರಡುವಳೇ, ಬಸ್ಸು ಕಿಕ್ಕಿರಿದಾಗ ಯಾರು ಹಿಂದೆ ಸರಿಯುವರು ಎಂಬ ಪ್ರಶ್ನೆಗಳು ಕುಟುಂಬ ಕುಟುಂಬವನ್ನು ಬೇರೆ ಬೇರೆಯಾಗಿ ಎಣಿಸುವ ಲೆಕ್ಕದ ಹೊರಗೇ ಉಳಿಯುತ್ತವೆ.

ಈ ಪರಸ್ಪರ ಪ್ರಭಾವವನ್ನೇ ಕೇಂದ್ರದಲ್ಲಿಟ್ಟುಕೊಂಡದ್ದು ಮೂರನೆಯ ಬಗೆಯಾದ ಏಜೆಂಟ್ ಆಧಾರಿತ ಮಾದರಿ. ಇಲ್ಲಿ ಏಜೆಂಟ್ ಎಂದರೆ ತನ್ನದೇ ಗುಣ, ತನ್ನದೇ ನೆರೆಹೊರೆ, ತನ್ನದೇ ನಿಯಮಗಳುಳ್ಳ ಒಬ್ಬ ಕೃತಕ ವ್ಯಕ್ತಿ. ಇಂಥ ಸಾವಿರಾರು ವ್ಯಕ್ತಿಗಳು ಒಬ್ಬರನ್ನೊಬ್ಬರು ನೋಡುತ್ತ, ಅನುಸರಿಸುತ್ತ, ಸ್ಪರ್ಧಿಸುತ್ತ ಹೋದಂತೆ ಯಾರೂ ಉದ್ದೇಶಿಸದಿದ್ದ ಒಟ್ಟು ವಿನ್ಯಾಸವೊಂದು ತಾನಾಗಿ ಮೂಡುತ್ತದೆ. ಇದಕ್ಕೆ ಹೊರಹೊಮ್ಮಿಕೆ ಎಂದು ಹೆಸರು. ಜೋಶುವಾ ಎಪ್‌ಸ್ಟೈನ್ ಮತ್ತು ರಾಬರ್ಟ್ ಆಕ್ಸ್‌ಟೆಲ್ 1996ರಲ್ಲಿ ಪ್ರಕಟಿಸಿದ ‘ಶುಗರ್‌ಸ್ಕೇಪ್’ ಮಾದರಿಯಲ್ಲಿ, ಸಕ್ಕರೆಯನ್ನು ಹುಡುಕಿ ತಿನ್ನುವಷ್ಟೇ ತಿಳಿವಳಿಕೆಯ ಏಜೆಂಟುಗಳ ನಡುವೆಯೂ ಸಂಪತ್ತಿನ ತೀವ್ರ ಅಸಮಾನತೆ ತಲೆಯೆತ್ತಿತು.

ಚದುರಂಗದ ಮಣೆಯ ಪಾಠ

ಏಜೆಂಟ್ ಆಧಾರಿತ ಚಿಂತನೆಯ ತಿರುಳನ್ನು ಗಣಕದ ನೆರವಿಲ್ಲದೆಯೂ ಕಾಣಬಹುದೆಂದು ತೋರಿಸಿದವರು ಅಮೆರಿಕದ ಥಾಮಸ್ ಶೆಲಿಂಗ್. 1971ರ ಪ್ರಬಂಧದಲ್ಲಿ ಅವರು ವಿವರಿಸಿದ ಪ್ರಯೋಗವನ್ನು ಯಾವ ಮನೆಯಲ್ಲಾದರೂ ಮಾಡಿ ನೋಡಬಹುದು. ಚದುರಂಗದ ಮಣೆಯ ಮೇಲೆ ಎರಡು ಬಣ್ಣದ ಕಾಯಿಗಳನ್ನು ಕಲಸಿ ಹರಡಿ, ಕೆಲವು ಚೌಕಗಳನ್ನು ಖಾಲಿ ಬಿಡಬೇಕು. ಪ್ರತಿ ಕಾಯಿಯ ಸುತ್ತ ಹೆಚ್ಚೆಂದರೆ ಎಂಟು ನೆರೆಯ ಚೌಕಗಳಿರುತ್ತವೆ. ನೆರೆಯವರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ತನ್ನ ಬಣ್ಣದವರಿದ್ದರೆ ಕಾಯಿ ನೆಮ್ಮದಿಯಾಗಿರುತ್ತದೆ. ಅಷ್ಟೂ ಇಲ್ಲದಿದ್ದರೆ ಖಾಲಿ ಚೌಕವೊಂದಕ್ಕೆ ಒಕ್ಕಲು ಬದಲಿಸುತ್ತದೆ. ನಿಯಮ ಇಷ್ಟೇ. ಇಲ್ಲಿ ಯಾವ ಕಾಯಿಗೂ ಇನ್ನೊಂದು ಬಣ್ಣದ ಮೇಲೆ ದ್ವೇಷವಿಲ್ಲ; ಆರು ನೆರೆಯವರಲ್ಲಿ ನಾಲ್ವರು ಬೇರೆ ಬಣ್ಣದವರಾದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಆದರೂ ಒಂದು ಕಾಯಿ ಸರಿದಾಗ ಅದು ಬಿಟ್ಟುಹೋದ ನೆರೆಯ ಲೆಕ್ಕ ತಪ್ಪುತ್ತದೆ, ಸೇರಿಕೊಂಡ ನೆರೆಯ ಲೆಕ್ಕವೂ ಬದಲಾಗುತ್ತದೆ, ಅದರಿಂದ ಇನ್ನೆರಡು ಕಾಯಿಗಳು ಅಸಮಾಧಾನಗೊಂಡು ಹೊರಡುತ್ತವೆ. ಹೀಗೆ ಸಾಗಿ ಕೊನೆಗೆ ಮಣೆಯೆಲ್ಲ ಒಂದೊಂದು ಬಣ್ಣದ ಕೇರಿಗಳಾಗಿ ಒಡೆದು ನಿಲ್ಲುತ್ತದೆ.

ಸೌಮ್ಯವಾದ ವೈಯಕ್ತಿಕ ಒಲವುಗಳು ಸೇರಿ ಕಠೋರವಾದ ಸಾಮೂಹಿಕ ಪ್ರತ್ಯೇಕತೆಯನ್ನು ಹುಟ್ಟಿಸಬಲ್ಲವೆಂಬ ಈ ಅರಿವು ನೀತಿಯ ದೃಷ್ಟಿಯಿಂದ ಬೆಲೆಯುಳ್ಳದ್ದು, ಏಕೆಂದರೆ ಪ್ರತ್ಯೇಕತೆ ಕಂಡಲ್ಲೆಲ್ಲ ಅಷ್ಟೇ ಪ್ರಮಾಣದ ದ್ವೇಷವನ್ನು ಊಹಿಸಬೇಕಾಗಿಲ್ಲ, ದ್ವೇಷ ಇಳಿದ ಮಾತ್ರಕ್ಕೆ ಕೇರಿಗಳು ಬೆರೆಯುತ್ತವೆಂದು ನಂಬುವಂತೆಯೂ ಇಲ್ಲ. ಆದರೆ ಇದೇ ಮಾದರಿ ಒಂದು ಎಚ್ಚರಿಕೆಯನ್ನೂ ಒಳಗೊಂಡಿದೆ. ಅಮೆರಿಕದ ನಗರಗಳಲ್ಲಿ ಕಪ್ಪು ಜನರು ಪ್ರತ್ಯೇಕ ಕೇರಿಗಳಲ್ಲಿ ಉಳಿದದ್ದಕ್ಕೆ ಸಾಲ ನಿರಾಕರಿಸಿದ ಬ್ಯಾಂಕುಗಳು, ನಕ್ಷೆಯ ಮೇಲೆ ಕೆಂಪು ಗೆರೆ ಎಳೆದ ಸರ್ಕಾರಿ ಸಂಸ್ಥೆಗಳು, ಮನೆ ಮಾರಾಟದ ಕರಾರುಗಳು ಪ್ರತ್ಯಕ್ಷ ಕಾರಣಗಳಾಗಿದ್ದವು. ಶೆಲಿಂಗರ ಮಣೆಯ ಮೇಲೆ ಬ್ಯಾಂಕೂ ಇಲ್ಲ, ಸರ್ಕಾರವೂ ಇಲ್ಲ. ಹೀಗೂ ಆಗಬಹುದೆಂದು ಮಾದರಿ ತೋರಿಸಿದಾಗ ಹೀಗೇ ಆಯಿತೆಂದು ಓದಿಕೊಂಡರೆ ನಿಜವಾದ ಹೊಣೆಗಾರರು ಕಣ್ಮರೆಯಾಗುತ್ತಾರೆ. ಶೆಲಿಂಗರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಸಂದಿತು. ಅವರ ಮಣೆಯಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಬಾಲಿಯ ಗದ್ದೆಗಳು

ಅನುಕರಣೆ ನೀತಿಯ ಕಣ್ಣು ತೆರೆಸಿದ ನಿದರ್ಶನಗಳಲ್ಲಿ ಇಂಡೊನೇಷ್ಯಾದ ಬಾಲಿ ದ್ವೀಪದ್ದು ಅತ್ಯಂತ ಅರ್ಥಪೂರ್ಣವಾದುದು. ಬೆಟ್ಟದ ಇಳಿಜಾರುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಲ್ಲಿನ ಭತ್ತದ ಗದ್ದೆಗಳನ್ನು ‘ಸುಬಕ್’ ಎಂಬ ರೈತರ ನೀರಾವರಿ ಸಂಘಗಳು ನೋಡಿಕೊಳ್ಳುತ್ತವೆ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದು ಶತಮಾನಗಳಿಂದ ಜಲದೇಗುಲಗಳಲ್ಲಿ ನಡೆಯುವ ಸಭೆಗಳಲ್ಲಿ ತೀರ್ಮಾನವಾಗುತ್ತ ಬಂದಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ತಳಿಗಳು ಬಂದಾಗ ಸರ್ಕಾರ ಈ ಪದ್ಧತಿಯನ್ನು ಬದಿಗೆ ಸರಿಸಿ, ಪ್ರತಿಯೊಬ್ಬ ರೈತನೂ ವರ್ಷಕ್ಕೆ ಎಷ್ಟು ಸಾಧ್ಯವೋ ಅಷ್ಟು ಬೆಳೆ ತೆಗೆಯಲೆಂದು ಉತ್ತೇಜಿಸಿತು. ಕೆಲವೇ ವರ್ಷಗಳಲ್ಲಿ ನೀರಿನ ಹಂಚಿಕೆ ಕೆಟ್ಟಿತು, ಕಂದು ಜಿಗಿಹುಳು ಮೊದಲಾದ ಕೀಟಗಳು ಗದ್ದೆಯಿಂದ ಗದ್ದೆಗೆ ಹಬ್ಬಿ ಫಸಲನ್ನು ನುಂಗಿದವು.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದರ ಮೂಲವನ್ನು ಗಣಕದಲ್ಲಿ ಶೋಧಿಸಿದರು. ರೈತರ ಮುಂದಿದ್ದ ಇಕ್ಕಟ್ಟು ಹೀಗಿತ್ತು. ನೆರೆಹೊರೆಯವರೆಲ್ಲ ಒಂದೇ ಸಮಯಕ್ಕೆ ಕೊಯ್ಲು ಮುಗಿಸಿ ಗದ್ದೆಗಳನ್ನು ಬೀಳು ಬಿಟ್ಟರೆ ಕೀಟಗಳಿಗೆ ತಿನ್ನಲು ಏನೂ ಉಳಿಯದೆ ಅವು ಸಾಯುತ್ತವೆ. ಆದರೆ ಎಲ್ಲರೂ ಒಂದೇ ಸಮಯಕ್ಕೆ ನಾಟಿಗಿಳಿದರೆ ಹೊಳೆಯ ನೀರು ಯಾರಿಗೂ ಸಾಲುವುದಿಲ್ಲ. ಸರದಿಯ ಮೇಲೆ ನಾಟಿ ಮಾಡಿದರೆ ನೀರು ಸಾಲುತ್ತದೆ, ಆದರೆ ಕೀಟಗಳಿಗೆ ವರ್ಷವಿಡೀ ಒಂದಲ್ಲ ಒಂದು ಗದ್ದೆಯಲ್ಲಿ ಊಟ ಸಿದ್ಧವಾಗಿರುತ್ತದೆ. ಓಸ್ ಮತ್ತು ಪೆಟಾನು ನದಿಗಳ ನಡುವಣ 172 ಸುಬಕ್‌ಗಳನ್ನು ಮಾದರಿಗೆ ತಂದು, ಪ್ರತಿಯೊಂದೂ ಪ್ರತಿ ವರ್ಷ ತನ್ನ ನೆರೆಯವರಲ್ಲಿ ಯಾರ ಇಳುವರಿ ಹೆಚ್ಚೋ ಅವರ ನಾಟಿಯ ವೇಳಾಪಟ್ಟಿಯನ್ನು ಅನುಸರಿಸಲೆಂಬ ಸರಳ ನಿಯಮವನ್ನು ಕೊಟ್ಟಾಗ, ಕೆಲವು ವರ್ಷಗಳ ಅನುಕರಣೆಯಲ್ಲಿಯೇ ಸುಬಕ್‌ಗಳು ಗುಂಪು ಗುಂಪಾಗಿ ಹೊಂದಿಕೊಂಡು, ಒಂದು ಗುಂಪು ಒಟ್ಟಿಗೆ ಬೀಳು ಬಿಡುವಾಗ ಇನ್ನೊಂದು ಗುಂಪು ನೀರು ಪಡೆಯುವ ಏರ್ಪಾಡು ಮೂಡಿತು. 1993ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಹಾಗೆ ಮೂಡಿದ ಗುಂಪುಗಳು ನಿಜವಾದ ಜಲದೇಗುಲಗಳ ಜಾಲವನ್ನು ಬಹುಮಟ್ಟಿಗೆ ಹೋಲುತ್ತಿದ್ದವು.

ಧಾರ್ಮಿಕ ಆಚರಣೆಯೆಂದು ಯೋಜಕರು ಪಕ್ಕಕ್ಕಿಟ್ಟಿದ್ದ ಪದ್ಧತಿ ನೀರು ಮತ್ತು ಕೀಟಗಳೆರಡನ್ನೂ ಒಟ್ಟಿಗೆ ತೂಗುವ ಆಡಳಿತ ವ್ಯವಸ್ಥೆಯಾಗಿತ್ತು ಎಂಬುದು ಹೀಗೆ ಅಂಕಿಗಳ ಭಾಷೆಯಲ್ಲಿ ಸ್ಪಷ್ಟವಾಯಿತು. ಅಲ್ಲಿನ ನೀರಾವರಿ ಯೋಜನೆಗೆ ಹಣ ಒದಗಿಸಿದ್ದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು ಕೂಡ ದೇಗುಲಗಳ ಪಾತ್ರವನ್ನು ಒಪ್ಪಿಕೊಂಡಿತು. 2012ರಲ್ಲಿ ಯುನೆಸ್ಕೊ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲು ನೀರು ಹಾಯಿಸಬೇಕು ಎಂಬುದನ್ನು ನೀರುಗಂಟಿಯ ಕೈಗೆ ಒಪ್ಪಿಸಿದ್ದ ಹಳೆಯ ಮೈಸೂರು ಸೀಮೆಯ ಓದುಗರಿಗೆ ಈ ಪಾಠದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾದರಿಯ ದೊಡ್ಡ ಉಪಕಾರ ಭವಿಷ್ಯ ನುಡಿಯುವುದರಲ್ಲಿ ಇರಲಿಲ್ಲ. ಅಧಿಕಾರಿಗಳ ಕಣ್ಣಿಗೆ ಕಾಣದಿದ್ದ ಒಂದು ತಿಳಿವಳಿಕೆಯನ್ನು ಅವರಿಗೆ ಅರ್ಥವಾಗುವ ರೂಪದಲ್ಲಿ ಮುಂದಿಟ್ಟದ್ದೇ ಅದರ ಸಾಧನೆ.

ಸಾಂಕ್ರಾಮಿಕದ ಲೆಕ್ಕ

ಅನುಕರಣೆ ನೇರವಾಗಿ ಸರ್ಕಾರದ ಆಜ್ಞೆಗಳಿಗೆ ಆಧಾರವಾದದ್ದು ಸಾಂಕ್ರಾಮಿಕ ರೋಗಗಳ ಕ್ಷೇತ್ರದಲ್ಲಿ. ಈ ಕ್ಷೇತ್ರದ ಬೇರುಗಳಿಗೂ ಭಾರತಕ್ಕೂ ಹಳೆಯ ನಂಟಿದೆ. 1895ರಲ್ಲಿ ಕಾಲರಾ ನಿಯಂತ್ರಣಕ್ಕೆಂದು ಬೆಂಗಳೂರಿಗೆ ನಿಯೋಜಿತರಾಗಿದ್ದ, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ದೇಹದೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡ ರೊನಾಲ್ಡ್ ರಾಸ್, ಸೊಳ್ಳೆಗಳನ್ನೆಲ್ಲ ಕೊಲ್ಲದೆ ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೂ ರೋಗ ಅಡಗುತ್ತದೆಂದು ಗಣಿತದಿಂದ ವಾದಿಸಿದರು. ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಆ್ಯಂಡರ್‌ಸನ್ ಮೆಕೆಂಡ್ರಿಕ್, ವಿಲಿಯಂ ಕರ್ಮ್ಯಾಕ್ ಜೊತೆಗೂಡಿ 1927ರಲ್ಲಿ ಪ್ರಕಟಿಸಿದ ಪ್ರಬಂಧ ಜನರನ್ನು ಸೋಂಕು ತಗಲಬಹುದಾದವರು, ಸೋಂಕಿತರು, ಸೋಂಕಿನಿಂದ ಹೊರಬಂದವರು ಎಂದು ಮೂರು ಗುಂಪಾಗಿ ವಿಂಗಡಿಸಿ ರೋಗದ ಏರಿಳಿತವನ್ನು ಸಮೀಕರಣಗಳಲ್ಲಿ ಹಿಡಿಯಿತು. ಅದನ್ನು ಪರೀಕ್ಷಿಸಲು ಅವರು ಬಳಸಿದ್ದು 1905-06ರ ಮುಂಬಯಿಯ ಪ್ಲೇಗ್ ಸಾವಿನ ಅಂಕಿಗಳನ್ನು.

2001ರಲ್ಲಿ ಬ್ರಿಟನ್ನಿನ ದನ ಕುರಿಗಳಿಗೆ ಕಾಲುಬಾಯಿ ಜ್ವರ ಹಬ್ಬಿದಾಗ ಈ ವಿಧಾನ ಕಠೋರ ಪರೀಕ್ಷೆಗೆ ಒಳಗಾಯಿತು. ಮಾದರಿಗಳ ಸಲಹೆಯಂತೆ ರೋಗ ಕಂಡ ಕೊಟ್ಟಿಗೆಯ ಪಶುಗಳನ್ನು 24 ಗಂಟೆಗಳೊಳಗೆ, ಅದಕ್ಕೆ ಹೊಂದಿಕೊಂಡ ತೋಟಗಳ ಆರೋಗ್ಯವಂತ ಪಶುಗಳನ್ನೂ 48 ಗಂಟೆಗಳೊಳಗೆ ಕೊಲ್ಲುವ ನೀತಿ ಜಾರಿಗೆ ಬಂತು. ಒಟ್ಟು 60 ಲಕ್ಷಕ್ಕೂ ಹೆಚ್ಚು ಪಶುಗಳು ಹತವಾದವು. ರೋಗ ಅಡಗಿತು, ಆದರೆ ಅಷ್ಟೊಂದು ಹತ್ಯೆ ಅಗತ್ಯವಾಗಿತ್ತೇ ಎಂಬ ಪ್ರಶ್ನೆ ಅಡಗಲಿಲ್ಲ. ಹೊಲದಲ್ಲಿ ನಿಂತು ರೋಗ ಪತ್ತೆ ಮಾಡುವ ಪಶುವೈದ್ಯರ ಅನುಭವಕ್ಕಿಂತ ದೂರದ ಗಣಕದ ರೇಖೆಗೆ ಹೆಚ್ಚು ತೂಕ ಸಿಕ್ಕಿತೆಂದು ಅನೇಕ ತಜ್ಞರು ಆಕ್ಷೇಪಿಸಿದರು.

2020ರ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ಅವರ ತಂಡ ಪ್ರಕಟಿಸಿದ ವರದಿ, ಏನೂ ಮಾಡದೆ ಕೈಕಟ್ಟಿ ಕುಳಿತರೆ ಕೋವಿಡ್‌ನಿಂದ ಬ್ರಿಟನ್ನಿನಲ್ಲಿ ಸುಮಾರು 5.1 ಲಕ್ಷ, ಅಮೆರಿಕದಲ್ಲಿ 22 ಲಕ್ಷ ಜನ ಸಾಯಬಹುದೆಂದು ಅಂದಾಜಿಸಿತು. ಆ ವಾಕ್ಯದ ಜೀವಾಳ ಅದರ ಷರತ್ತಿನಲ್ಲಿತ್ತು. ಆದರೆ ಸುದ್ದಿಯಾಗಿ ಹರಡುವಾಗ ಷರತ್ತು ಕಳಚಿ ಅಂಕಿ ಮಾತ್ರ ಉಳಿಯಿತು, ಆಮೇಲೆ ಅಷ್ಟು ಜನ ಸಾಯಲಿಲ್ಲವೆಂಬುದನ್ನೇ ಮಾದರಿಯ ಸೋಲೆಂದು ಕೆಲವರು ಸಾರಿದರು. ಹಲವು ವರ್ಷಗಳ ಹಿಂದೆ ಇನ್‌ಫ್ಲುಯೆಂಜಾಕ್ಕಾಗಿ ಬರೆದ, ಸರಿಯಾದ ವಿವರಣೆಗಳಿಲ್ಲದ ಪ್ರೋಗ್ರಾಮನ್ನು ಅದಕ್ಕೆ ಬಳಸಲಾಗಿತ್ತೆಂದು ತಿಳಿದಾಗ ಅಪನಂಬಿಕೆ ಇನ್ನಷ್ಟು ಬೆಳೆಯಿತು. ಪ್ರೋಗ್ರಾಮು ಬಹಿರಂಗವಾದ ಮೇಲೆ ಸ್ವತಂತ್ರ ಪರೀಕ್ಷಕರು ಅದೇ ಫಲಿತಾಂಶಗಳನ್ನು ಮರಳಿ ಪಡೆದರಾದರೂ, ಆ ಬಹಿರಂಗತೆ ನಿರ್ಧಾರಕ್ಕಿಂತ ಮೊದಲೇ ಇದ್ದಿದ್ದರೆ ಜನರ ವಿಶ್ವಾಸ ಅಷ್ಟು ಅಲುಗುತ್ತಿರಲಿಲ್ಲ.

ಭಾರತದಲ್ಲಿ ಇದೇ ಅವಧಿಯಲ್ಲಿ ನಡೆದ ಗಂಭೀರ ಪ್ರಯತ್ನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳು ಸೇರಿ ರೂಪಿಸಿದ ನಗರ ಮಟ್ಟದ ಮಾದರಿ ಮುಖ್ಯವಾದುದು. ಅದಕ್ಕಾಗಿ ಎರಡೂ ನಗರಗಳಿಗೆ ತಲಾ ಒಂದು ಕೋಟಿಗೂ ಮೀರಿದ ಕೃತಕ ಜನಸಂಖ್ಯೆಯನ್ನು ಸೃಷ್ಟಿಸಲಾಯಿತು. ಕೃತಕ ಜನಸಂಖ್ಯೆಯೆಂದರೆ ನಿಜವಾದ ಯಾರನ್ನೂ ಹೆಸರಿಸದೆ, ಒಟ್ಟಾರೆಯಾಗಿ ಜನಗಣತಿಯ ಅಂಕಿಗಳಿಗೆ ಹೊಂದುವಂತೆ ವಯಸ್ಸು, ಮನೆ, ಶಾಲೆ, ಕೆಲಸದ ಸ್ಥಳಗಳನ್ನು ಹಂಚಿಕೊಟ್ಟ ಕಾಲ್ಪನಿಕ ಜನ. ಅವರು ಮನೆಯಲ್ಲಿ, ಕಚೇರಿಯಲ್ಲಿ, ಬಡಾವಣೆಯಲ್ಲಿ, ರೈಲಿನಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಾರೆ; ಶಾಲೆ ಮುಚ್ಚಿದರೆ, ಕಚೇರಿಗೆ ಅರ್ಧ ಜನ ಮಾತ್ರ ಬಂದರೆ, ಲೋಕಲ್ ರೈಲು ಓಡತೊಡಗಿದರೆ ಸೋಂಕು ಹೇಗೆ ಸಾಗುತ್ತದೆಂದು ಒಂದೊಂದನ್ನೇ ಹೂಡಿ ನೋಡಲಾಯಿತು. ಕೊಳೆಗೇರಿಗಳನ್ನು ಬೇರೆಯಾಗಿಯೇ ಗಣಿಸಿದ್ದು ಈ ಮಾದರಿಯ ವಿವೇಕ, ಏಕೆಂದರೆ ಹತ್ತಡಿ ಕೋಣೆಯಲ್ಲಿ ಆರು ಜನ ಮಲಗುವ, ಹಲವು ಮನೆಗಳಿಗೆ ಒಂದೇ ಶೌಚಾಲಯವಿರುವ ಕಡೆ ಅಂತರ ಕಾಯ್ದುಕೊಳ್ಳಿರೆಂಬ ಆದೇಶ ಪಾಲಿಸಲು ಸಾಧ್ಯವಾಗುವಂಥದಲ್ಲ. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ನಡೆದ ರಕ್ತಪರೀಕ್ಷೆಯ ಸಮೀಕ್ಷೆಯಲ್ಲಿ ಕೊಳೆಗೇರಿಗಳ ಸುಮಾರು 57 ಶೇಕಡಾ ಜನರಲ್ಲಿ, ಹೊರಗಿನ 16 ಶೇಕಡಾ ಜನರಲ್ಲಿ ಪ್ರತಿಕಾಯಗಳು ಕಂಡುಬಂದಾಗ ಈ ಭೇದ ಎಷ್ಟು ತೀವ್ರವಾಗಿತ್ತೆಂಬುದು ಬಯಲಾಯಿತು. ಅಶೋಕ ವಿಶ್ವವಿದ್ಯಾಲಯದ ‘ಭಾರತ್‌ಸಿಮ್’ ಕೂಡ ಇದೇ ದಾರಿಯಲ್ಲಿ ಸಾಗಿದ ಏಜೆಂಟ್ ಆಧಾರಿತ ಚೌಕಟ್ಟು.

ಇದಕ್ಕೆ ಎದುರಾಗಿ ನಿಲ್ಲುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ ಸಮಿತಿಯ ‘ಸೂಪರ್‌ಮಾಡೆಲ್’. ಸಮೀಕರಣಗಳನ್ನು ಆಧರಿಸಿದ ಆ ಮಾದರಿ, ದೇಶದಲ್ಲಿ ಸೋಂಕಿನ ಶಿಖರ ಸೆಪ್ಟೆಂಬರಿನಲ್ಲಿಯೇ ದಾಟಿದೆ, ಮುನ್ನೆಚ್ಚರಿಕೆ ಮುಂದುವರಿದರೆ 2021ರ ಫೆಬ್ರುವರಿಯ ಹೊತ್ತಿಗೆ ರೋಗ ಬಹುಮಟ್ಟಿಗೆ ತಗ್ಗುತ್ತದೆ ಎಂದು 2020ರ ಅಕ್ಟೋಬರಿನಲ್ಲಿ ಹೇಳಿತು. ಫೆಬ್ರುವರಿಯವರೆಗಿನ ಇಳಿಕೆ ನಿಜವಾಯಿತು. ಆದರೆ ಹೊಸ ರೂಪಾಂತರಿ ವೈರಸ್ಸು, ಸಡಿಲಗೊಂಡ ಓಡಾಟಗಳು ಕೂಡಿ ಎದ್ದ ಎರಡನೆಯ ಅಲೆ 2021ರ ಮೇ ತಿಂಗಳ ಮೊದಲ ವಾರದಲ್ಲಿ ದಿನವೊಂದಕ್ಕೆ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ತಂದಿತು. ಕಳೆದುಹೋದ ದಿನಗಳ ಅಂಕಿಗಳಿಗೆ ಹದಗೊಳಿಸಿದ ಮಾದರಿ, ರೋಗವೂ ಜನರೂ ಬದಲಾದಾಗ ಏನಾದೀತೆಂಬುದನ್ನು ತಾನಾಗಿ ಹೇಳಲಾರದು. ಆ ಎಚ್ಚರಿಕೆ ನಿರ್ಧಾರ ಮಾಡುವವರ ಕಿವಿಗೆ ಎಷ್ಟು ಗಟ್ಟಿಯಾಗಿ ಬಿದ್ದಿತ್ತೆಂಬುದೇ ಇಲ್ಲಿನ ನೋವಿನ ಪ್ರಶ್ನೆ.

ಮಾದರಿಗಳು ಎಡವುವ ತಾಣಗಳು

ಈ ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ ಮಾದರಿಗಳು ಎಡವುವ ತಾಣಗಳು ಹೆಚ್ಚುಕಡಿಮೆ ಒಂದೇ ಎಂಬುದು ತಿಳಿಯುತ್ತದೆ. ಮೊದಲನೆಯದು ಅಂಕಿ ಅಂಶಗಳ ದೋಷ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಕಾಡ್ ಮೀನಿನ ಸಂಗ್ರಹವನ್ನು ಅಂದಾಜಿಸುತ್ತಿದ್ದ ಮಾದರಿಗಳು ದೊಡ್ಡ ಟ್ರಾಲರ್‌ಗಳು ಹಿಡಿದು ತರುತ್ತಿದ್ದ ಮೀನಿನ ಪ್ರಮಾಣವನ್ನು ನೆಚ್ಚಿಕೊಂಡಿದ್ದವು. ಮೀನು ಕಡಿಮೆಯಾಗುತ್ತಿದ್ದರೂ ಅದನ್ನು ಹುಡುಕುವ ಉಪಕರಣಗಳು ಉತ್ತಮಗೊಳ್ಳುತ್ತಿದ್ದುದರಿಂದ ಹಿಡಿತ ಇಳಿಯಲಿಲ್ಲ. ಲೆಕ್ಕದಲ್ಲಿ ಕಡಲು ತುಂಬಿಯೇ ಇತ್ತು. ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಬಲೆ ಬೀಸುತ್ತಿದ್ದ ಬಡ ಮೀನುಗಾರರು ಮೀನು ಸಿಗುತ್ತಿಲ್ಲವೆಂದು 1980ರ ದಶಕದಲ್ಲಿಯೇ ಕೂಗಿ ಹೇಳಿದ್ದರು. ಕೊನೆಗೆ 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ದುಡಿಮೆ ಒಂದೇ ದಿನ ಹೋಯಿತು. ಕರ್ನಾಟಕದ ಕರಾವಳಿಯಲ್ಲಿ ನಾಡದೋಣಿಯವರ ಮಾತಿಗೂ ಯಾಂತ್ರಿಕ ದೋಣಿಗಳ ಲೆಕ್ಕಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ದೂರದ ಕಥೆಯಾಗಿ ಕಾಣದು.

ಭಾರತದ ಮಟ್ಟಿಗೆ ಅಂಕಿಗಳ ಕೊರತೆ ಇನ್ನೊಂದು ರೂಪದಲ್ಲಿದೆ. 2011ರ ನಂತರ 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡು ನಡೆಸಲು ಅಧಿಸೂಚನೆ ಹೊರಬಿತ್ತು. 2011ರಲ್ಲಿ 84 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ ಇಂದು ಎಷ್ಟು, ಅವರು ಯಾವ ಬಡಾವಣೆಗಳಲ್ಲಿ ನೆಲೆಸಿದ್ದಾರೆ ಎಂಬುದನ್ನು ಅಂದಾಜಿನಿಂದಲೇ ತುಂಬಿಕೊಳ್ಳಬೇಕಾದಾಗ, ಅದರ ಮೇಲೆ ಕಟ್ಟಿದ ಕೃತಕ ನಗರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳು, ಬಾಡಿಗೆ ಕೋಣೆಗಳು, ಹೊಸ ಹೊರವಲಯಗಳು ಮಸುಕಾಗಿಯೇ ಉಳಿಯುತ್ತವೆ. ಲೆಕ್ಕಕ್ಕೆ ಸಿಗದವರು ನೀತಿಗೂ ಸಿಗುವುದಿಲ್ಲ.

ಎರಡನೆಯ ತಾಣ, ನೀತಿಯೇ ನಡವಳಿಕೆಯನ್ನು ಬದಲಿಸುವ ಸಂದರ್ಭ. ಹಳೆಯ ನೀತಿಯ ಕಾಲದಲ್ಲಿ ಕಂಡ ಸಂಬಂಧಗಳನ್ನು ಹೊಸ ನೀತಿಯ ಕಾಲಕ್ಕೆ ಹಾಗೆಯೇ ಹೊರಿಸಲಾಗದು, ಏಕೆಂದರೆ ಹೊಸ ನೀತಿಯನ್ನು ತಿಳಿದ ಜನ ತಮ್ಮ ಲೆಕ್ಕಾಚಾರವನ್ನೇ ಬದಲಿಸಿಕೊಳ್ಳುತ್ತಾರೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಸ್ 1976ರಲ್ಲಿ ವಾದಿಸಿದರು. ಮುನ್ಸೂಚನೆಗೂ ಇದೇ ಮಾತು ಸಲ್ಲುತ್ತದೆ: ಭೀಕರ ಅಂಕಿಯನ್ನು ಕೇಳಿ ಜನ ಮನೆಯಲ್ಲೇ ಉಳಿದರೆ ಆ ಅಂಕಿ ಸುಳ್ಳಾಗುತ್ತದೆ, ಹಾಗೆ ಸುಳ್ಳಾಗುವುದೇ ಅದರ ಸಾರ್ಥಕತೆ. ಮೂರನೆಯ ತಾಣ, ಒಂದೇ ಅಂಕಿಯ ಮೋಹ. ಮಾದರಿಯನ್ನು ನೂರಾರು ಬಾರಿ ಓಡಿಸಿದಾಗ ನೂರಾರು ಫಲಗಳು ಬರುತ್ತವೆ, ಅವುಗಳ ಹರವು ಎಷ್ಟು ಅಗಲವೆಂಬುದೇ ಅತಿ ಮುಖ್ಯವಾದ ಮಾಹಿತಿ. ಆದರೆ ಕಡತದ ಟಿಪ್ಪಣಿಯಲ್ಲಿ ಹರವು ಬಿದ್ದುಹೋಗಿ ನಡುವಣ ಒಂದು ಅಂಕಿ ಮಾತ್ರ ಮೇಲಧಿಕಾರಿಯ ಮೇಜನ್ನು ಮುಟ್ಟುತ್ತದೆ.

ಮಾತನಾಡುವ ಕೃತಕ ವ್ಯಕ್ತಿಗಳು

ಇತ್ತೀಚಿನ ಬೆಳವಣಿಗೆಯೆಂದರೆ ಭಾಷಾ ಮಾದರಿಗಳನ್ನೇ ಏಜೆಂಟುಗಳಾಗಿ ಬಳಸುವುದು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಇಪ್ಪತ್ತೈದು ಕೃತಕ ನಿವಾಸಿಗಳು ಪರಸ್ಪರ ಮಾತನಾಡುತ್ತ ಬದುಕುವ ಪುಟ್ಟ ಊರೊಂದನ್ನು ಕಟ್ಟಿದರು. ಮರುವರ್ಷ ಅದೇ ದಾರಿಯಲ್ಲಿ 1,052 ನಿಜವಾದ ವ್ಯಕ್ತಿಗಳೊಂದಿಗೆ ತಲಾ ಎರಡು ಗಂಟೆಗಳ ಸಂದರ್ಶನ ನಡೆಸಿ ಅವರ ಪ್ರತಿರೂಪಗಳನ್ನು ರೂಪಿಸಲಾಯಿತು. ಎರಡು ವಾರಗಳ ನಂತರ ಅವೇ ಪ್ರಶ್ನೆಗಳನ್ನು ಕೇಳಿದಾಗ ಆ ವ್ಯಕ್ತಿಗಳು ತಮ್ಮದೇ ಹಿಂದಿನ ಉತ್ತರಗಳಿಗೆ ಎಷ್ಟು ಹೊಂದಿಕೊಂಡರೋ, ಅದರ 85 ಶೇಕಡಾದಷ್ಟು ನಿಖರತೆಯಿಂದ ಪ್ರತಿರೂಪಗಳು ಸಾಮಾಜಿಕ ಸಮೀಕ್ಷೆಯೊಂದರ ಪ್ರಶ್ನೆಗಳಿಗೆ ಉತ್ತರಿಸಿದವು. ಕರಡು ನೀತಿಯನ್ನು ಇಂಥ ಕೃತಕ ಪ್ರಜೆಗಳ ಮುಂದಿಟ್ಟು ಪ್ರತಿಕ್ರಿಯೆ ಪಡೆಯುವ ಆಸೆ ಆಡಳಿತಕ್ಕೆ ಸಹಜ. ಆದರೆ ಈ ಭಾಷಾ ಮಾದರಿಗಳು ಕಲಿತದ್ದು ಬಹುಪಾಲು ಅಂತರಜಾಲದ ಇಂಗ್ಲಿಷ್ ಬರಹದಿಂದ. ಬರೆಯದವರ, ಬರೆದರೂ ಕನ್ನಡದಲ್ಲಿ ಬರೆಯುವವರ, ಕಲಬುರಗಿಯ ತೊಗರಿ ಬೆಳೆಗಾರರ, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳ ಯೋಚನೆ ಅದರೊಳಗೆ ತೆಳುವಾಗಿದೆ. ಸಂದರ್ಶನವಿಲ್ಲದೆ ಅವರ ಪರವಾಗಿ ಯಂತ್ರ ನುಡಿದ ಉತ್ತರ ಅವರದಾಗಿರುವುದಿಲ್ಲ, ಅವರ ಬಗ್ಗೆ ಇತರರು ಬರೆದದ್ದರ ಸಾರಾಂಶವಾಗಿರುತ್ತದೆ. ಕೇಳಬಹುದಾದ ಜನ ಕಣ್ಣೆದುರಿಗೇ ಇರುವಾಗ ಅವರ ಪ್ರತಿರೂಪವನ್ನು ಕೇಳಿ ತೃಪ್ತಿಪಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ನಡೆಯಲ್ಲ.

ನೀತಿಗೆ ತಕ್ಕ ಬಳಕೆ

ಹಾಗಾದರೆ ಅನುಕರಣೆಯ ಸರಿಯಾದ ಸ್ಥಾನ ಯಾವುದು? ಅದರ ಉದ್ದೇಶಗಳನ್ನು ಬೇರ್ಪಡಿಸಿಕೊಂಡರೆ ಉತ್ತರ ತಿಳಿಯಾಗುತ್ತದೆ. ಮುಂದೇನಾಗುವುದೆಂದು ಹೇಳುವುದು ಒಂದು ಉದ್ದೇಶ. ಆದದ್ದು ಏಕಾಯಿತೆಂದು ವಿವರಿಸುವುದು ಇನ್ನೊಂದು. ಏನೇನು ಆಗಬಹುದೆಂಬ ಸಾಧ್ಯತೆಗಳನ್ನು ತಡಕಿ ನೋಡುವುದು ಮತ್ತೊಂದು. ಭಿನ್ನಾಭಿಪ್ರಾಯವುಳ್ಳವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮಾತನಾಡಿಸುವುದು ಮಗದೊಂದು. ಸಮಾಜದ ವಿಷಯದಲ್ಲಿ ಮೊದಲನೆಯದು ಅತ್ಯಂತ ದುರ್ಬಲ, ಉಳಿದ ಮೂರು ಹೆಚ್ಚು ಬಲವುಳ್ಳವು. ಫ್ರಾನ್ಸಿನ ಕೃಷಿ ಸಂಶೋಧಕರು ಬೆಳೆಸಿದ ‘ಒಡನಾಡಿ ಮಾದರಿ’ ಎಂಬ ಪದ್ಧತಿ ಕೊನೆಯ ಉದ್ದೇಶಕ್ಕೆ ಮೀಸಲಾದುದು. ಸೆನೆಗಲ್, ಥಾಯ್ಲೆಂಡ್, ಭೂತಾನಗಳ ಹಳ್ಳಿಗಳಲ್ಲಿ ರೈತರು ಮೊದಲು ಆಟದ ರೂಪದಲ್ಲಿ ತಮ್ಮ ನೀರು ನೆಲಗಳ ತಕರಾರನ್ನು ಆಡಿ ತೋರಿಸುತ್ತಾರೆ. ಆ ಆಟದ ನಿಯಮಗಳೇ ಗಣಕದ ಮಾದರಿಯಾಗುತ್ತವೆ. ಫಲಿತಾಂಶವನ್ನು ನೋಡಿದ ರೈತರು ತಮ್ಮ ನಡೆಯನ್ನೂ ಮಾದರಿಯ ತಪ್ಪನ್ನೂ ಒಟ್ಟಿಗೆ ತಿದ್ದುತ್ತಾರೆ. ಇಲ್ಲಿ ಊಹೆಗಳು ಯಾರಿಂದಲೂ ಮುಚ್ಚಿಟ್ಟವಲ್ಲ, ಏಕೆಂದರೆ ಅವನ್ನು ಹೇಳಿದವರೇ ಆಟದಲ್ಲಿ ಕುಳಿತವರು.

ಈ ಸಮೀಕ್ಷೆಯಿಂದ ಹೊರಡುವ ತೀರ್ಮಾನ ಇಷ್ಟು. ಅನುಕರಣೆ ಎಂಬುದು ಊಹೆಗಳನ್ನು ಪರಿಣಾಮಗಳಿಗೆ ಜೋಡಿಸುವ ಯಂತ್ರ. ಊಹೆ ಯಾರದೋ ಪರಿಣಾಮದ ಹೊಣೆಯೂ ಅವರದೇ, ಗಣಕದ ಮೇಲೆ ಅದನ್ನು ಹೊರಿಸಲಾಗದು. ಬಾಲಿಯಲ್ಲಿ ಮಾದರಿ ಗೆದ್ದದ್ದು ರೈತರ ತಿಳಿವಳಿಕೆಯನ್ನು ಒಳಕ್ಕೆ ಕರೆದುಕೊಂಡದ್ದರಿಂದ, ನ್ಯೂಫೌಂಡ್‌ಲ್ಯಾಂಡಿನಲ್ಲಿ ಸೋತದ್ದು ಮೀನುಗಾರರ ಮಾತನ್ನು ಹೊರಗಿಟ್ಟದ್ದರಿಂದ. ಕರ್ನಾಟಕದಲ್ಲಿ ಬೆಂಗಳೂರಿನ ಸಂಚಾರದಿಂದ ಹಿಡಿದು ಕೋಲಾರದ ಅಂತರ್ಜಲದವರೆಗೆ ಈ ವಿಧಾನಕ್ಕೆ ತಕ್ಕ ಪ್ರಶ್ನೆಗಳು ಸಾಲುಗಟ್ಟಿ ನಿಂತಿವೆ, ಅವನ್ನು ಕೈಗೆತ್ತಿಕೊಳ್ಳಬಲ್ಲ ವಿಜ್ಞಾನಿಗಳೂ ಇಲ್ಲಿಯೇ ಇದ್ದಾರೆ. ಆದ್ದರಿಂದ ಮುಂದೆ ಯಾವ ಇಲಾಖೆಯೇ ಆಗಲಿ ಗಣಕದ ಮಾದರಿಯನ್ನು ತನ್ನ ನಿರ್ಧಾರಕ್ಕೆ ಆಧಾರವೆಂದು ತೋರಿಸಿದಾಗ, ಆ ಮಾದರಿ ಯಾರನ್ನು ಎಣಿಸಿದೆ, ಯಾರನ್ನು ಬಿಟ್ಟಿದೆ, ಜನ ಹೇಗೆ ನಡೆದುಕೊಳ್ಳುತ್ತಾರೆಂದು ನಂಬಿದೆ, ಅದರ ಉತ್ತರದ ಹರವು ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ನಿರ್ಧಾರಕ್ಕೆ ಮೊದಲೇ, ಪಂಚಾಯಿತಿಯ ಸದಸ್ಯರೂ ಓದಿ ಪ್ರಶ್ನಿಸಬಲ್ಲ ಸರಳ ಕನ್ನಡದಲ್ಲಿ ಪ್ರಕಟಿಸುವುದು ಕಡ್ಡಾಯವಾಗಬೇಕು.